ಅನ್ನದ ಜೊತೆ ಬೆಂದ ಆಲೂಗೆಡ್ಡೆ

ಪ್ರಯೋಗಕ್ಕೆ ಬೇಕಾದ ಸಾಮಾನೆಲ್ಲ ಮಕ್ಕಳ ಮನೆಯ ಅಡಿಗೆಕೋಣೆಯಿಂದಲೇ ಶಾಲೆಗೆ ಬರುತ್ತಿದ್ದ ಕಾಲ ಅದು. ಮೂಡಿಗೆರೆ ಕಡೆಯ ನಮ್ಮ ಹೈಸ್ಕೂಲಿನಲ್ಲಿ ಪ್ರಯೋಗಾಲಯವೆಂದರೆ ಒಂದು ಬೀರು, ಅದರೊಳಗೆ ಬಾಯಿ ಒಡೆದ ಒಂದೆರಡು ಗಾಜಿನ ಬೀಕರು. ಕಾಫಿ ಕೊಯ್ಲು ಮುಗಿಯುತ್ತ ಬಂದಿತ್ತು. ಕಣದಲ್ಲಿ ಒಣಗುವ ಹಣ್ಣಿನ ಹುಳಿ ವಾಸನೆ ಕಿಟಕಿಯಿಂದ ತರಗತಿಯೊಳಕ್ಕೆ ಬರುತ್ತಿತ್ತು. ಚೀಪಲೆಂದು ಜೇಬಿನಲ್ಲಿಟ್ಟ ಕಾಫಿ ಹಣ್ಣಿನ ಕಲೆ ಎಲ್ಲರ ಚಡ್ಡಿಯ ಮೇಲೂ ಇರುತ್ತಿತ್ತು.

ವಿಜ್ಞಾನದ ಮೇಷ್ಟ್ರು ಆ ವಾರ ಅಭಿಸರಣೆಯ ಪಾಠ ಮಾಡಿದರು. ಸಿಪ್ಪೆ ತೆಗೆದ ಆಲೂಗೆಡ್ಡೆಯ ನಡುವೆ ಗುಂಡಿ ತೋಡಬೇಕು. ಗುಂಡಿಗೆ ಸಕ್ಕರೆ ನೀರು ಹಾಕಿ, ಅದರ ಮಟ್ಟಕ್ಕೊಂದು ಗುಂಡುಪಿನ್ನು ಚುಚ್ಚಿ, ನೀರಿರುವ ತಟ್ಟೆಯಲ್ಲಿ ಗೆಡ್ಡೆಯನ್ನು ಕೂರಿಸಬೇಕು. ಹಸಿ ಗೆಡ್ಡೆಗೆ ಜೀವವಿರುತ್ತದೆ. ತಟ್ಟೆಯ ನೀರು ಅದರ ಮೂಲಕ ಹಾದು ಗುಂಡಿಯೊಳಗೆ ಏರುತ್ತದೆ. ಬೇಯಿಸಿದ ಗೆಡ್ಡೆಯಲ್ಲಿ ಏರುವುದಿಲ್ಲ.

ಹಸಿ ಗೆಡ್ಡೆ ನನ್ನ ಪಾಲಿಗೆ ಬಂತು, ಬೇಯಿಸಿದ್ದು ನನ್ನ ಬೆಂಚಿನ ಗೆಳೆಯ ಚಂದ್ರನ ಪಾಲಿಗೆ. ನಮ್ಮಿಬ್ಬರಲ್ಲಿ ಒಬ್ಬನನ್ನು ಚಿಕ್ಕಮಗಳೂರಿನ ವಿಜ್ಞಾನ ಪ್ರದರ್ಶನಕ್ಕೆ ಕರೆದುಕೊಂಡು ಹೋಗುವುದಾಗಿ ಮೇಷ್ಟ್ರು ಹೇಳಿದ್ದರು. ಅವರ ಸ್ಕೂಟರಿನ ಹಿಂದೆ ಒಬ್ಬನಿಗೇ ಜಾಗ. ಆ ಜಾಗ ನನ್ನದೇ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಚಂದ್ರ ಮನೆಯಲ್ಲೇ ಗುಂಡಿ ತೋಡಿಸಿಕೊಂಡು ಬಾಳೆಲೆಯಲ್ಲಿ ಸುತ್ತಿ ತಂದಿದ್ದ. ಸರಿಯಾಗಿ ಬೆಂದಿದೆಯೇನೋ ಎಂದು ಮೇಷ್ಟ್ರು ಕೇಳಿದರು.

"ಅವ್ವ ಅನ್ನದ ಜೊತೆಗೇ ಹಾಕಿ ಬೇಯ್ಸಿದಾಳೆ ಸಾರ್. ಅನ್ನ ಬೆಂದ ಮೇಲೆ ಇದು ಬೇಯ್ದೆ ಇರ್ತದಾ?"

ತರಗತಿಯೆಲ್ಲ ನಕ್ಕಿತು, ಮೇಷ್ಟ್ರೂ ನಕ್ಕರು. ಬೇಯಿಸಿದ ಗೆಡ್ಡೆ ಯಾಕೆ ಬೇಕು ಎಂದು ಆಮೇಲೆ ನನ್ನನ್ನು ಕೇಳಿದರು. ಪಾಠವನ್ನೆಲ್ಲ ಬಾಯಿಪಾಠ ಮಾಡಿದ್ದ ನನಗೆ ಅದೊಂದು ಹೊಳೆಯಲಿಲ್ಲ. ಚಂದ್ರ ಎದ್ದು ನಿಂತ.

"ಇದಿಲ್ದೆ ಹೋದ್ರೆ, ಅದರಲ್ಲಿ ನೀರು ಏರಿದ್ದು ಜೀವ ಇರೋದಕ್ಕೇ ಅಂತ ಹೆಂಗೆ ಗೊತ್ತಾಗ್ತದೆ ಸಾರ್?"

ಮೇಷ್ಟ್ರು ಅವನ ಹೆಗಲ ಮೇಲೆ ಕೈಯಿಟ್ಟರು. ಸ್ಕೂಟರಿನ ಸೀಟು ತಪ್ಪಿತು ಎಂದು ನನಗೆ ಆಗಲೇ ತಿಳಿಯಿತು.

ಎರಡೂ ಗೆಡ್ಡೆಗಳನ್ನು ತಟ್ಟೆಯಲ್ಲಿ ಕೂರಿಸಿಟ್ಟು, ಮಧ್ಯಾಹ್ನ ಎಲ್ಲರೂ ಲಗೋರಿ ಆಡಲು ಓಡಿದರು. ಹೊಟ್ಟೆನೋವೆಂದು ಹೇಳಿ ನಾನು ಒಳಗೆ ಉಳಿದೆ. ಚಮಚದಲ್ಲಿ ತಟ್ಟೆಯ ನೀರು ತೆಗೆದು, ಪಿನ್ನು ಮುಳುಗುವ ತನಕ ಚಂದ್ರನ ಗೆಡ್ಡೆಯ ಗುಂಡಿಗೆ ಹಾಕಿದೆ. ಸಕ್ಕರೆ ಕಟ್ಟಿ ತಂದಿದ್ದ ಕಾಗದದಲ್ಲಿ ಉಳಿದದ್ದನ್ನು ನೆಕ್ಕಿ, ಹೊರಗೆ ಹೋಗಿ ಲಗೋರಿಯ ಕಲ್ಲು ಜೋಡಿಸಿದೆ.

ಕೊನೆಯ ಪೀರಿಯಡ್ಡಿಗೆ ನೋಡಿದರೆ ಎರಡೂ ಗೆಡ್ಡೆಯಲ್ಲಿ ನೀರು ಏರಿತ್ತು. ಮೇಷ್ಟ್ರ ಮುಖ ಬಿಗಿಯಿತು.

"ಮೇಲೆ ಮೇಲೆ ಬೇಯ್ಸಿ ತಂದಿದೀಯಲ್ಲೋ. ಒಳಗೆಲ್ಲ ಹಸಿ."

ಅವ್ವ ಬೇಯಿಸಿದ್ದಾಳೆ ಎಂದು ಚಂದ್ರ ಮತ್ತೆ ಹೇಳಿದ. ಈ ಸಲ ಅವನ ದನಿಯಲ್ಲಿ ಗಟ್ಟಿತನವಿರಲಿಲ್ಲ. ಮೇಷ್ಟ್ರು ಗೆಡ್ಡೆಯನ್ನು ಕಿಟಕಿಯಿಂದಾಚೆ ಎಸೆದರು. ಕಾಗೆ ಬಂದು ಕಚ್ಚಿಕೊಂಡು ಹೋಯಿತು.

ಚಿಕ್ಕಮಗಳೂರಿಗೆ ಹೋದವನು ನಾನು. ಹಸಿ ಗೆಡ್ಡೆಯೊಂದನ್ನೇ ಇಟ್ಟುಕೊಂಡು ಗಟ್ಟಿಯಾಗಿ ವಿವರಿಸಿದೆ. ಬೇಯಿಸಿದ್ದು ಎಲ್ಲಿ ಎಂದು ಯಾರೂ ಕೇಳಲಿಲ್ಲ. ಅಲ್ಲಿಂದ ತಂದ ಪೆಪ್ಪರಮಿಂಟನ್ನು ಚಂದ್ರನಿಗೆ ಕೊಟ್ಟರೆ, ಅವನು ಹಲ್ಲಿನಲ್ಲಿ ಕಚ್ಚಿ ಅರ್ಧ ಮಾಡಿ ಒಂದು ಚೂರು ನನಗೂ ತಿನ್ನಿಸಿದ.

ಇಷ್ಟು ವರ್ಷಗಳ ಮೇಲೆ, ಈ ಸಲದ ಕೊಯ್ಲಿನಲ್ಲಿ, ಚಂದ್ರನ ಊರು ಜಾವಳಿಗೆ ಹೋಗಿ, ಅವನ ಕಣದಲ್ಲಿ ನಿಂತು, ಸುತ್ತುಬಳಸದೆ ಎಲ್ಲ ಹೇಳಿದೆ. ಬೈಯಲಿ ಎಂದೇ ಹೋಗಿದ್ದೆ. ಕಾಫಿ ಹರವುತ್ತಿದ್ದ ಅವನ ಕೈ ನಿಂತಿತು.

"ಹಂಗಾದ್ರೆ ಅದು ಬೆಂದಿತ್ತು."

ಹೌದೆಂದೆ. ಕಾಫಿ ಹರವುವ ಕೋಲನ್ನು ಅವನು ಕೆಳಗಿಟ್ಟ.

"ಅವತ್ತು ಮನೆಗೆ ಹೋಗಿ ಅವ್ವನ ಹತ್ರ ಜಗಳ ಆಡಿದ್ದೆ ಮಾರಾಯ. ಒಂದು ಗೆಡ್ಡೆ ಬೇಯ್ಸಕ್ಕೂ ಬರಲ್ವ ನಿಂಗೆ ಅಂದಿದ್ದೆ. ಆಮೇಲೆ ಅವಳು ಸಾಯೋ ತನಕ, ಎಂತ ಮಾಡಿದ್ರೂ ಬಡಿಸಿ ಪಕ್ಕದಲ್ಲೇ ನಿಲ್ತಿದ್ಲು. ಬೆಂದಿದೆಯೇನೋ ಮಗ, ಅಂತ ಕೇಳ್ತಿದ್ಲು."

ಕೈಯಾಡಿಸುವ ಕೋಲನ್ನು ಅವನು ಮತ್ತೆ ತೆಗೆದುಕೊಂಡ. ನನ್ನ ಮೇಲೆ ಸಿಟ್ಟಾಗಲಿಲ್ಲ. ಕಣದಲ್ಲಿ ಇವತ್ತಿಗೂ ಅದೇ ಹುಳಿ ವಾಸನೆ. ಅವನಿದ್ದಾನೆ, ನಾನಿದ್ದೇನೆ. ಚೆನ್ನಾಗಿ ಬೆಂದಿತ್ತವ್ವಾ ಎಂದು ಹೇಳೋಣವೆಂದರೆ ಆ ತಾಯಿ ಇಲ್ಲ.