ಆರ್ಡಿಸ್ ಕೂಂಟ್ಸ್ ಬರೆದ ನಲವತ್ತೊಂಬತ್ತು

ಕ್ರೋಲೀಸ್ ಲ್ಯಾಂಡಿಂಗ್ ಪುರಸಭೆಯ ಕೆಲಸಕ್ಕೆ ಸೇರಿದ ಮೊದಲ ವಾರವೇ ಕೋಲ್ಬಿ ನ್ಯಾನ್ಸ್ ಊರಿನ ಇಪ್ಪತ್ತಾರು ದೀಪದ ಕಂಬಗಳನ್ನು ಹಾಳುಮಾಡಿದ. ಹಾಳುಮಾಡುತ್ತಿದ್ದೇನೆ ಎಂದು ಅವನಿಗೆ ಗೊತ್ತಿರಲಿಲ್ಲ; ಉದ್ಧಾರ ಮಾಡುತ್ತಿದ್ದೇನೆ ಎಂದೇ ಎಣಿಸಿದ್ದ. ಹೊಳೆಗೆ ಇಳಿಯುವ ಬೀದಿಯ ಪ್ರತಿ ಕಂಬಕ್ಕೂ ಒಂದೊಂದು ನೀಲಿ ಪಟ್ಟೆ ಇತ್ತು. ಮೇಲಿನ ಕಂಬದಲ್ಲಿ ಮೊಣಕಾಲಿಗೆ, ಅದರ ಕೆಳಗಿನದರಲ್ಲಿ ಸೊಂಟಕ್ಕೆ, ಹೊಳೆಯ ಹತ್ತಿರದ್ದರಲ್ಲಿ ತಲೆಗಿಂತಲೂ ಮೇಲೆ. ಹಿಂದಿನವನು ಕುಡಿದು ಬಳಿದಿರಬೇಕು ಎಂದುಕೊಂಡ ಕೋಲ್ಬಿ ಎರಡು ದಿನ ಬಿಸಿಲಲ್ಲಿ ಬೆಂದು, ಹಳೆಯ ಪಟ್ಟೆಗಳನ್ನೆಲ್ಲ ಬೂದುಬಣ್ಣದಲ್ಲಿ ಮುಚ್ಚಿ, ಪ್ರತಿ ಕಂಬಕ್ಕೂ ತನ್ನ ಎದೆಯ ಮಟ್ಟಕ್ಕೆ ಅಚ್ಚುಕಟ್ಟಾಗಿ ಹೊಸ ಪಟ್ಟೆ ಎಳೆದ. ದೂರದಿಂದ ನೋಡಿದರೆ ಕವಾಯತಿಗೆ ನಿಂತ ಸಿಪಾಯಿಗಳ ಹಾಗೆ ಕಾಣುತ್ತಿದ್ದವು. ಫೋಟೊ ತೆಗೆದು ತಾಯಿಗೂ ಕಳಿಸಿದ.

ಹಿಂದಿನ ದೊಡ್ಡ ನೆರೆಯಲ್ಲಿ ನೀರು ಎಲ್ಲಿಯವರೆಗೆ ನಿಂತಿತ್ತು ಎಂದು ತೋರಿಸಲು ಹಾಕಿದ್ದ ಗುರುತುಗಳವು.

ಪುರಸಭೆಯ ಕ್ಲರ್ಕ್ ಆರ್ಡಿಸ್ ಕೂಂಟ್ಸ್ ಕಾಫಿ ಲೋಟ ಹಿಡಿದುಕೊಂಡೇ ಬಂದು ನೋಡಿದರು. ಅರವತ್ತು ದಾಟಿದ ಹೆಂಗಸು. ಮನೆ ತೆರಿಗೆ, ನಾಯಿ ಪರವಾನಗಿ, ಸ್ಮಶಾನದಲ್ಲಿ ಯಾರಿಗೆ ಎಲ್ಲಿ ಜಾಗ ಎಂಬುದು, ನೆರೆಬಯಲಿನಲ್ಲಿ ಯಾರು ಏನು ಕಟ್ಟಬಹುದು ಎಂಬುದು, ಎಲ್ಲ ಅವರ ಒಂದೇ ಮೇಜಿನ ಮೇಲೆ.

"ಏನಪ್ಪಾ ಇದು?"

"ಸಮ ಮಾಡಿದೀನಿ, ಮಿಸ್ ಆರ್ಡಿಸ್. ಒಂದೊಂದೂ ಒಂದೊಂದ್ ಎತ್ತರಕ್ಕಿತ್ತು."

"ಬೀದಿ ಇಳಿಜಾರಾಗಿದೆ ಅಂತ ನೀರೂ ಇಳಿಜಾರಾಗಿ ನಿಲ್ಲುತ್ತೇನೋ? ನಿನ್ ಪಟ್ಟೆ ನಂಬ್ಕೊಂಡು ಯಾರಾದ್ರೂ ಮನೆ ಕಟ್ಟಿದ್ರೆ, ಅವರಿಗಿಂತ ಮೊದ್ಲು ಹೊಳೇನೇ ಒಕ್ಕಲು ಬರುತ್ತೆ."

ಅವತ್ತೇ ಕೆಲಸದಿಂದ ತೆಗೆಯಬಹುದಿತ್ತು. ತೆಗೆಯಲಿಲ್ಲ. ಅಗ್ನಿಶಾಮಕ ಠಾಣೆಯ ಗೋಡೆಯ ಮೇಲೆ ಉಳಿದಿದ್ದ ಒಂದೇ ಒಂದು ಹಳೆಯ ಗುರುತಿನಿಂದ ಶುರುಮಾಡಿ, ನೀರು ತುಂಬಿದ ಪಾರದರ್ಶಕ ಕೊಳವೆಯ ಒಂದು ತುದಿಯನ್ನು ತಾವೇ ಹಿಡಿದು, ಮೂರು ದಿನ ಕಂಬದಿಂದ ಕಂಬಕ್ಕೆ ಅವನ ಜೊತೆ ನಡೆದರು. ಕೊಳವೆಯ ನೀರು ಎಲ್ಲಿ ನಿಂತಿತೋ ಅಲ್ಲೇ ಪಟ್ಟೆ. ಅಂದಿನಿಂದ ಬರ್ಲ್ ಹ್ಯಾಚರನ ಮೀನುಗಾಳದ ಅಂಗಡಿಯಲ್ಲಿ ಕೋಲ್ಬಿಗೆ 'ಎದೆಮಟ್ಟ' ಎಂಬ ಹೆಸರು ಬಿತ್ತು. ಅವನು ಬಾಗಿಲಲ್ಲಿ ಕಂಡರೆ ಸಾಕು, ಬರ್ಲ್ ಒಳಗಿನಿಂದ ಕೂಗುತ್ತಿದ್ದ: "ಎದೆಮಟ್ಟ ಬಂದ! ಎರೆಹುಳಾನೆಲ್ಲ ಒಂದೇ ಉದ್ದಕ್ಕೆ ಕತ್ತರಿಸಿ ಇಡ್ರೋ!"

ಕೋಲ್ಬಿಗೆ ಸಿಟ್ಟು ಬರುತ್ತಿರಲಿಲ್ಲ. ಇಪ್ಪತ್ತೇಳರ ವಯಸ್ಸಿನಲ್ಲೂ ಬಟ್ಟೆ ಒಗೆಯುವ ಅಂಗಡಿಯ ಮಾಳಿಗೆಯಲ್ಲಿ ಬಾಡಿಗೆಗಿದ್ದ ಅವನ ಹತ್ತಿರ ನೆರೆ ಕೊಚ್ಚಿಕೊಂಡು ಹೋಗುವಂಥದ್ದು ಒಂದು ಜೊತೆ ಬೂಟು ಮಾತ್ರ. ಹೆಸರು ಒಂದಾದರೂ ಬಂತಲ್ಲ ಎಂದುಕೊಂಡ.

ಆರ್ಡಿಸ್ ಅವರಿಗೂ ಊರಲ್ಲಿ ಒಂದು ಹೆಸರಿತ್ತು, ಒಳ್ಳೆಯ ಹೆಸರು. ಪ್ರತಿ ನೆರೆ ಇಳಿದ ಮೇಲೆ ಅವರು ರಬ್ಬರ್ ಬೂಟು ಹಾಕಿಕೊಂಡು, ಕಾಗದದ ಹಲಗೆ ಹಿಡಿದು, ಮನೆಮನೆಗೆ ಹೋಗಿ ಎಷ್ಟು ಹಾಳಾಗಿದೆ ಎಂದು ಬರೆಯಬೇಕು. ನಿಯಮ ಸರಳ: ಮನೆಯ ಬೆಲೆಯ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಹಾಳಾಗಿದ್ದರೆ, ಅದನ್ನು ಇದ್ದ ಹಾಗೇ ರಿಪೇರಿ ಮಾಡಿಕೊಳ್ಳುವ ಹಾಗಿಲ್ಲ, ಇಡೀ ಮನೆಯನ್ನು ಜಾಕಿ ಕೊಟ್ಟು ನೆರೆಮಟ್ಟದ ಮೇಲಕ್ಕೆ ಎತ್ತಬೇಕು. ಎತ್ತಲಾಗದಿದ್ದರೆ ಕೆಡವಬೇಕು. ಅರ್ಧಕ್ಕೆ ಒಂದು ಕಮ್ಮಿಯಾದರೆ ಒಣಗಿಸಿ, ಬಣ್ಣ ಬಳಿದು, ಮತ್ತೆ ಸಂಸಾರ ಹೂಡಬಹುದು.

ಹಾಗಾಗಿ ಕ್ರೋಲೀಸ್ ಲ್ಯಾಂಡಿಂಗಿನಲ್ಲಿ ಯಾವ ಮನೆಯೂ ನೂರಕ್ಕೆ ನಲವತ್ತೊಂಬತ್ತಕ್ಕಿಂತ ಹೆಚ್ಚು ಹಾಳಾಗುತ್ತಿರಲಿಲ್ಲ. ಹಾಗೆಂದು ಆರ್ಡಿಸ್ ಬರೆದ ಪತ್ರ ಕೈಸೇರಿದ ಮನೆಯವರು, ಒಲೆ ಉರಿಯಲು ಶುರುವಾದ ದಿನ, ಹಿಟ್ಟಿನೊಳಗೆ ಹಣ್ಣು ತುಂಬಿ ಬೇಯಿಸಿದ ಒಂದು ಪೈ ಪುರಸಭೆಗೆ ಕಳಿಸುವುದು ಊರ ಪದ್ಧತಿ. ಪೀಚಿನದೋ ಸೇಬಿನದೋ, ಯಾವುದಾದರೂ ಆಗಬಹುದು. ಏಕೆ ಕಳಿಸಿದರೆಂದು ಯಾರೂ ಹೇಳುತ್ತಿರಲಿಲ್ಲ, ಅವರೂ ಕೇಳುತ್ತಿರಲಿಲ್ಲ. ಖಾಲಿ ತಟ್ಟೆ ತೊಳೆದು ವಾಪಸು ಕಳಿಸುತ್ತಿದ್ದರು. ಕೋಲ್ಬಿ ಎರಡು ವರ್ಷ ಆ ಪೈಗಳನ್ನು ತಿಂದು ಸೊಂಟದ ಪಟ್ಟಿಗೆ ಹೊಸ ತೂತು ಕೊರೆಸಿಕೊಂಡಿದ್ದ. ತಾನು ತಿನ್ನುತ್ತಿದ್ದುದು ಏನೆಂದು ಯೋಚಿಸುವ ಅಭ್ಯಾಸ ಅವನಿಗಿರಲಿಲ್ಲ.

ಅವನು ಕೆಲಸಕ್ಕೆ ಸೇರಿದ ಮೂರನೆಯ ವರ್ಷ, ಏಪ್ರಿಲಿನಲ್ಲಿ ಹೊಳೆ ಬಂತು. ಬರ್ಲನ ದೋಣಿಯಲ್ಲಿ ಕೋಲ್ಬಿಯೂ ಹೋಗಿದ್ದ. ಕೆಳಬೀದಿಯ ಕೊನೆಯ ಮನೆಯಲ್ಲಿ ಓಪಲ್ ಗ್ರಿಬಲ್ ಎಂಬ ಎಪ್ಪತ್ತೆಂಟರ ಹೆಂಗಸು ಒಬ್ಬರೇ ಇದ್ದರು. ಅಡಿಗೆಕಟ್ಟೆಯ ಮೇಲೆ, ತಣ್ಣನೆಯ ನೀರಲ್ಲಿ ಸೊಂಟ ಮುಳುಗಿಸಿಕೊಂಡು, ಐದು ಗಂಟೆ ಕೂತಿದ್ದರು. ಕಿಟಕಿಯಿಂದ ಎಳೆದುಕೊಳ್ಳುವಾಗ ಅವರ ಮೈ ಹಸಿ ಬಟ್ಟೆಯ ಮೂಟೆಯ ಹಾಗೆ ಕೈಗೆ ಬಂತು. ಜೀವ ಉಳಿಯಿತು. ಶ್ವಾಸಕೋಶ ಕೆಟ್ಟಿತು. ಮನೆಗೆ ಮರಳಲಿಲ್ಲ, ಮೂವತ್ತು ಮೈಲಿ ಆಚೆ ಮುದುಕರನ್ನು ನೋಡಿಕೊಳ್ಳುವ ಕಡೆ ಮಂಚ ಹಿಡಿದರು.

ಜೂನಿನಲ್ಲಿ ರಾಜ್ಯದ ಕಚೇರಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ಹೊಸ ನೆರೆನಕ್ಷೆ ತಯಾರಾಗಿತ್ತು. ಸೆಪ್ಟೆಂಬರ್ ಹದಿನಾಲ್ಕರೊಳಗೆ ಪುರಸಭೆ ಹೊಸ ಕಟ್ಟಡ ನಿಯಮಗಳನ್ನು ಒಪ್ಪಿ ಮತ ಹಾಕಬೇಕು, ಜೊತೆಗೆ ಏಪ್ರಿಲಿನ ಹಾನಿಯನ್ನು ಸರಿಯಾಗಿ ಅಳೆದು ಕೊಡಬೇಕು. ಇಲ್ಲವಾದರೆ ಮರುದಿನದಿಂದ ಊರಿನ ಒಂದು ಮನೆಗೂ ಸರ್ಕಾರದ ನೆರೆವಿಮೆ ಸಿಗುವುದಿಲ್ಲ. ವಿಮೆ ಇಲ್ಲದ ಕೆಳಬೀದಿಯ ಮನೆಗೆ ಬ್ಯಾಂಕು ಸಾಲ ಕೊಡುವುದಿಲ್ಲ. ಸಾಲ ಸಿಗದ ಮನೆಯನ್ನು ಕೊಳ್ಳುವವರಿಲ್ಲ. ಊರಿನ ಮೂರರಲ್ಲಿ ಎರಡು ಪಾಲು ಕೆಳಬೀದಿಗಳೇ.

ಹಳೆಯ ಕಡತಗಳನ್ನು ಕಪಾಟಿನಿಂದ ಇಳಿಸಿಕೊಟ್ಟವನು ಕೋಲ್ಬಿ. ಹುಡುಗಿ ಹಾಳೆ ತಿರುವುತ್ತಾ ಹೋದಳು. ನಲವತ್ತೆಂಟು. ನಲವತ್ತೊಂಬತ್ತು. ನಲವತ್ತೊಂಬತ್ತು. ಮತ್ತೆ ನಲವತ್ತೊಂಬತ್ತು.

"ನಿಮ್ಮೂರಿನ ಹೊಳೆ ಭಾರೀ ಲೆಕ್ಕ ಬಲ್ಲದ್ದು, ಮೇಡಂ," ಎಂದಳು. "ಅರ್ಧಕ್ಕೆ ಒಂದು ಕಮ್ಮಿ ಆಗೋವರೆಗೆ ಹಾಳ್ಮಾಡಿ, ವಾಪಸ್ ಹೊರಟ್ಬಿಡುತ್ತೆ."

ಕೋಲ್ಬಿಗೆ ಸಾಲಾಗಿ, ಸಮವಾಗಿ, ಚೆಂದವಾಗಿ ನಿಂತಿದ್ದ ತನ್ನ ಇಪ್ಪತ್ತಾರು ಕಂಬಗಳು ಕಣ್ಣಿಗೆ ಕಟ್ಟಿದವು.

ಹುಡುಗಿ ಎಂಟು ವರ್ಷದ ಹಿಂದಿನ ಒಂದು ಹಾಳೆಯ ಮೇಲೆ ಬೆರಳಿಟ್ಟಳು. "ಗ್ರಿಬಲ್ ಅವರ ಮನೆ. ಪೆನ್ಸಿಲಲ್ಲಿ ಅರವತ್ಮೂರು ಬರ್ದು ಅಳಿಸಿದೀರಿ."

"ಅವರ ಗಂಡ ಗಾಲಿಕುರ್ಚೀಲಿದ್ರು," ಎಂದರು ಆರ್ಡಿಸ್. "ಮನೆ ಎತ್ತಿದ್ರೆ ಹದಿನಾಲ್ಕು ಮೆಟ್ಲು. ಅವ್ರನ್ನ ಯಾರ್ ಹೊರ್ತಿದ್ರು?"

"ಇಳಿಜಾರು ದಾರಿ ಕಟ್ಬಹುದಿತ್ತು. ಅರ್ಧ ದಾಟಿದ್ರೆ ಮನೆ ಎತ್ತೋ ಖರ್ಚಿಗೆ ವಿಮೇನೇ ಒಂದಿಷ್ಟು ಕೊಡುತ್ತೆ ಅಂತ ನಿಮಗೆ ಗೊತ್ತಲ್ವಾ? ಈ ಊರಲ್ಲಿ ಒಬ್ರಿಗೂ ಅದು ಸಿಕ್ಕಿಲ್ಲ. ನೀವು ಯಾರನ್ನೂ ದಾಟೋಕೇ ಬಿಟ್ಟಿಲ್ಲ."

ಗೊತ್ತಿತ್ತು. ಆ 'ಒಂದಿಷ್ಟು' ಸಾಲುವುದಿಲ್ಲ, ಉಳಿದದ್ದಕ್ಕೆ ಜನ ಎಲ್ಲಿಗೆ ಹೋಗಬೇಕು ಎಂಬುದೂ ಅವರಿಗೆ ಗೊತ್ತಿತ್ತು. ಆರ್ಡಿಸ್ ಕಡತ ಮುಚ್ಚಿದರು.

ಆ ಶನಿವಾರ ಪುರಸಭೆಯ ಗಾಡಿಯಲ್ಲಿ ಕೋಲ್ಬಿ ಅವರನ್ನು ಓಪಲ್ ಹತ್ತಿರ ಕರೆದೊಯ್ದ. ಆರ್ಡಿಸ್ ತೊಡೆಯ ಮೇಲೆ ಒಂದು ಪೈ ತಟ್ಟೆ ಇತ್ತು. ಎಂಟು ವರ್ಷದಿಂದ ವಾಪಸು ಕೊಡುವುದು ಮರೆತೇ ಹೋಗಿದ್ದ ಓಪಲ್ ಅವರ ತಟ್ಟೆ. ತುಂಬಿಸಿ ತಂದಿದ್ದರು. ಮೂಗಿಗೆ ಕೊಳವೆ ಸಿಕ್ಕಿಸಿಕೊಂಡಿದ್ದ ಓಪಲ್ ತಟ್ಟೆಯ ಅಂಚನ್ನು ಬೆರಳಿಂದ ಸವರಿ ಗುರುತು ಹಿಡಿದರು.

"ಕದ್ದಿದ್ದು ನೀನೇನಾ? ನಾನು ಚರ್ಚಿನವರನ್ನ ಬೈತಿದ್ದೆ."

"ಓಪಲ್, ಆವತ್ತು ನಾನು ನಿಜ ಬರೀಬೇಕಿತ್ತು."

ಓಪಲ್ ಬಹಳ ಹೊತ್ತು ಉಸಿರೆಳೆದುಕೊಂಡರು. "ಬರ್ದಿದ್ರೆ ಸಾಯೋತನಕ ನಿನ್ನ ಬೈತಿದ್ದೆ ಕಣೇ. ಈಗ ಬೈಯೋಣ ಅಂದ್ರೆ ಉಸಿರಿಲ್ಲ. ಹೋಗ್ಲಿ, ಆ ಕಿಟಕಿ ಪರದೆ ಸರಿಸು, ಬೆಳಕು ಕಣ್ಣಿಗೆ ಹೊಡೀತಿದೆ."

ಕ್ಷಮಿಸಿದರೋ ಇಲ್ಲವೋ ಕೋಲ್ಬಿಗೆ ತಿಳಿಯಲಿಲ್ಲ. ವಾಪಸು ಬರುವಾಗ ಅವನು ರೇಡಿಯೊ ಹಾಕಿದ, ಅವರು ಆರಿಸಿದರು. ಅದೊಂದೇ ಮಾತುಕತೆ.

ಜುಲೈ ಪೂರ್ತಿ ಆರ್ಡಿಸ್ ಮತ್ತೆ ಬೂಟು ಹಾಕಿಕೊಂಡು ಮನೆಮನೆ ತಿರುಗಿದರು. ಈ ಸಲ ಅಳತೆಯ ಪಟ್ಟಿ ಹಿಡಿದವನು ಕೋಲ್ಬಿ. ಐವತ್ತೆಂಟು. ಎಪ್ಪತ್ತೊಂದು. ಮೂವತ್ತು. ಅರವತ್ತಾರು. ಮೂವತ್ತೇಳು ಮನೆಗಳು ಅರ್ಧ ದಾಟಿದ್ದವು. ಹೋದ ಸಲ ಬಾಗಿಲಲ್ಲೇ ಕಾಫಿ ಕೊಟ್ಟವರು ಈಗ ಬಾಗಿಲು ತೆರೆದು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ಒಬ್ಬಳು ಅಳುತ್ತಾ ಕೇಳಿದಳು: "ಮಿಸ್ ಆರ್ಡಿಸ್, ಅಮ್ಮನಿಗೆ ನಲವತ್ತೊಂಬತ್ತು ಕೊಟ್ಟಿದ್ರಲ್ಲ, ನಂಗ್ಯಾಕಿಲ್ಲ?" ಅವರು ಗೋಡೆಯ ಕಲೆ ಎಷ್ಟು ಇಂಚು ಎಂದು ಕೋಲ್ಬಿಯನ್ನು ಕೇಳಿದರು. ಆ ಬೇಸಿಗೆ ಪುರಸಭೆಗೆ ಒಂದು ಪೈಯೂ ಬರಲಿಲ್ಲ. ಕೋಲ್ಬಿಯ ಸೊಂಟದ ಪಟ್ಟಿ ಹಳೆಯ ತೂತಿಗೆ ಮರಳಿತು, ಅದೊಂದೇ ಲಾಭ.

ಸಭೆ ಆಗಸ್ಟ್ ಕೊನೆಯ ಮಂಗಳವಾರ ಸಂಜೆ, ಅಗ್ನಿಶಾಮಕ ಠಾಣೆಯಲ್ಲಿ. ಗಾಡಿಗಳನ್ನು ಹೊರಗೆ ನಿಲ್ಲಿಸಿ ಕುರ್ಚಿ ಹಾಕಿದ್ದರು. ಗೋಡೆಯ ಮೇಲೆ ಆ ಹಳೆಯ ನೀಲಿ ಗುರುತು, ಕೂತ ಜನರ ತಲೆಗಿಂತ ಒಂದು ಗೇಣು ಮೇಲೆ. ಹೊಸ ನಿಯಮ ಐವರು ಸದಸ್ಯರಲ್ಲಿ ಮೂವರ ಮತದಿಂದ ಪಾಸಾಯಿತು, ವಿಮೆ ಉಳಿಯಿತು. ಅದು ದಾಖಲೆಯಲ್ಲಿದೆ. ಆದರೆ ಊರು ಇವತ್ತಿಗೂ ಆಡಿಕೊಳ್ಳುವುದು ಮತದ ಮುಂಚಿನ ಮಾತನ್ನು.

ಬರ್ಲ್ ಹ್ಯಾಚರ್ ಸದಸ್ಯರಲ್ಲೊಬ್ಬ. ಎಪ್ಪತ್ತೊಂದು ಅವನ ಮನೆಯ ಲೆಕ್ಕ. ಆರ್ಡಿಸ್ ಜೊತೆ ಒಂದೇ ಬೆಂಚಿನಲ್ಲಿ ಓದಿದವನು. ಓಪಲ್ ಅವರನ್ನು ಕಿಟಕಿಯಿಂದ ಎಳೆದುಕೊಂಡ ಕೈಗಳೂ ಅವನವೇ. ಅವನ ದನಿಯಲ್ಲಿ ಅಂಗಡಿಯ ತಮಾಷೆ ಇರಲಿಲ್ಲ.

"ಆರ್ಡಿಸ್, ನಾನು ನಿಯಮದ ಮಾತಾಡಲ್ಲ. ಇಪ್ಪತ್ತು ವರ್ಷ ನಮಗೆಲ್ಲ ನಲವತ್ತೊಂಬತ್ತು ಬರ್ಕೊಟ್ಟೆ. ನಮ್ ಹೆಂಡ್ತೀರು ಮಾಡಿದ್ ಪೈ ತಿಂದೆ. ನಿನ್ ಕಾಗದ ನಂಬ್ಕೊಂಡು ನಾವು ಅಲ್ಲೇ ಮಕ್ಳನ್ನ ಮಲಗಿಸಿದ್ವಿ. ಈಗ ಬಂದು ಎಪ್ಪತ್ತೊಂದು ಅಂತೀಯ. ಊರ್ ಮುಂದೆ ಹೇಳು. ನೀನು ಸುಳ್ಳು ಹೇಳಿದ್ದು ಆಗ್ಲೋ, ಈಗ್ಲೋ?"

ಹೊರಗೆ ಯಾರದೋ ಗಾಡಿ ಎಂಜಿನ್ ಆರಿತು. ತಾನು ಕೂಡ ಆ ಪೈ ತಿಂದವನೇ ಎಂದು ಎದ್ದು ನಿಂತು ಹೇಳಬೇಕು ಎಂದು ಕೋಲ್ಬಿಗೆ ಅನ್ನಿಸಿತು; ಅವನ ಧೈರ್ಯವೂ ಎದೆಮಟ್ಟಕ್ಕೇ ನಿಂತುಹೋಯಿತು. ಮೇಲೆದ್ದವರು ಆರ್ಡಿಸ್. ಕನ್ನಡಕ ತೆಗೆದು ಕಾಗದದ ಮೇಲಿಟ್ಟರು.

"ಆಗ," ಎಂದರು. "ನಿನ್ ಮನೇದೂ ಸುಳ್ಳೇ, ಬರ್ಲ್."