ತಾರಸಿಯ ಮೇಲೆ ನಾಲ್ಕು ಮಡಿ

ಫೆಬ್ರವರಿ ಒಂಬತ್ತು, ಭಾನುವಾರ, ಬೆಳಗ್ಗೆ ಏಳೂ ಇಪ್ಪತ್ತು. ಕೃಷ್ಣರಾಜಪೇಟೆಯ ನಮ್ಮ ಹೊಸ ಮನೆಯ ತಾರಸಿಯಲ್ಲಿ ನೀರು ನಿಲ್ಲಿಸಲು ಶುರುಮಾಡಿದ ಹೊತ್ತು. ಗೃಹಪ್ರವೇಶವಾಗಿ ಇಪ್ಪತ್ತೊಂದನೇ ತಾರೀಕಿಗೆ ವರ್ಷ ತುಂಬುತ್ತಿತ್ತು. ಸೋರಿಕೆ, ಬಿರುಕು ಏನಿದ್ದರೂ ವರ್ಷದೊಳಗೆ ತೋರಿಸಿದರೆ ಸರಿಮಾಡಿಕೊಡುತ್ತೇನೆಂದು ಮನೆ ಕಟ್ಟಿದ ಕಂಟ್ರಾಕ್ಟರು ಬರೆದುಕೊಟ್ಟಿದ್ದರು. ಉಳಿದದ್ದು ಹನ್ನೆರಡು ದಿನ.

ತೋರಿಸಲು ನಮ್ಮ ಹತ್ತಿರ ಏನೂ ಇರಲಿಲ್ಲ. ಹೋದ ಮಳೆಗಾಲದಲ್ಲಿ ಅಜ್ಜಿಯ ಕೋಣೆಯ ಮೂಲೆಯಲ್ಲಿ ಅಂಗೈಯಗಲ ತೇವ ಕಾಣಿಸಿಕೊಂಡಿತ್ತು; ನನ್ನ ಡೈರಿಯಲ್ಲಿ ಆರು ಸಲ ಅದರ ಅಳತೆ ಇದೆ. ಅಷ್ಟರಲ್ಲಿ ಆಯುಧಪೂಜೆ ಬಂತು. ಹಬ್ಬದ ದಿನ ಗೋಡೆ ಹಾಗಿರಬಾರದೆಂದು ನಾನೇ ಅಮ್ಮನ ಜೊತೆ ನಿಂತು ಎರಡು ಕೋಟು ಬಣ್ಣ ಬಳಿದೆ. ಫೋಟೊ ತೆಗೆಯಲಿಲ್ಲ. ಕಲೆ ಹೋಯಿತು, ಆ ತೇವಕ್ಕೆ ಹೆಚ್ಚಿದ್ದ ಅಜ್ಜಿಯ ಉಬ್ಬಸ ಹೋಗಲಿಲ್ಲ. ಇನ್ನೊಂದು ಮಳೆಗಾಲ ಅವರು ಆ ಕೋಣೆಯಲ್ಲಿ ಮಲಗುವಂತಿರಲಿಲ್ಲ.

ಮನೆ ಪರೀಕ್ಷೆಗೆ ಹಿಂದಿನ ದಿನವೇ ಅರಕೆರೆಯಿಂದ ಅಜ್ಜಿಯ ತಮ್ಮ ಬಂದಿದ್ದರು. ಗಾರೆ ಕೆಲಸದಲ್ಲೇ ತಲೆ ನರೆತವರು. ನಾನು ತಾತ ಅನ್ನುತ್ತೇನೆ. ಸುತ್ತಿಗೆಯ ಹಿಡಿಯಿಂದ ಟೈಲ್ಸ್ ತಟ್ಟಿ ಕಿವಿಗೊಟ್ಟರು. ಎರಡು ಟೊಳ್ಳು. ಬಾಗಿಲು, ಕಿಟಕಿ ಸೇರಿ ಹದಿನಾಲ್ಕರಲ್ಲಿ ಒಂದು ಬಾಗಿಲು ಬಿಗಿ. ಆಮೇಲೆ ತಾರಸಿಗೆ ಹತ್ತಿದರು.

“ನೀರು ನಿಲ್ಲಿಸ್ಬೇಕು ಕಣಕ್ಕ. ಆದ್ರೆ ಇಷ್ಟಗಲದಲ್ಲಿ ಎಲ್ಲಿ ಇಳೀತದೆ ಅಂತ ಎಂಗೆ ಯೋಳಾದು?” ಅಂದರು.

ಅಜ್ಜಿ ಮೆಟ್ಟಿಲ ಮೇಲೆ ಕೂತಿದ್ದರು. “ಗದ್ದೇಲಿ ಎಂಗೆ ಕಂಡಿಡೀತಿದ್ದೆ ಲೇ? ಮಡಿ ಮಾಡ್ಲಾ. ಯಾವ ಮಡಿ ನೀರು ಕುಡೀತದೋ ಅದ್ರಲ್ಲೇ ಏಡಿ ಬಿಲ.”

“ಇಲ್ಲೆಲ್ಲಿ ಬಂತಕ್ಕ ಏಡಿ?”

“ಅದು ನಿನ್ ತಲೇಲದೆ. ಓಗಿ ಮಣ್ಣು ತತ್ತಾ.”

ಜೇಡಿಮಣ್ಣಿನಲ್ಲಿ ಸಣ್ಣ ಬದು ಕಟ್ಟಿ ತಾರಸಿಯನ್ನು ನಾಲ್ಕು ಮಡಿ ಮಾಡಿದೆವು. ನೀರಿಳಿಯುವ ಪೈಪಿನ ಬಾಯಿಗೆ ಬಟ್ಟೆ ತುರುಕಿ, ಭಾನುವಾರ ಬೆಳಗ್ಗೆ ಎರಡು ಬೆರಳೆತ್ತರ ನೀರು ಬಿಟ್ಟೆವು. ಬಿಸಿಲಿಗೆ ಎಷ್ಟು ಆರುತ್ತದೆಂದು ತಿಳಿಯಲು ಪಕ್ಕದಲ್ಲಿ ಒಂದು ಅಗಲ ಬೇಸಿನ್ನಿನಲ್ಲೂ ನೀರಿಟ್ಟೆ. ಮಾರನೇ ದಿನ ಅದೇ ಹೊತ್ತಿಗೆ ಅಳೆದಾಗ ಬೇಸಿನ್ನಿನಲ್ಲಿ ಐದು ಮಿಲಿಮೀಟರ್ ಇಳಿದಿತ್ತು. ಮೂರು ಮಡಿಗಳಲ್ಲಿ ಐದಾರು. ನೀರಿನ ಟ್ಯಾಂಕಿನ ಪಕ್ಕದ ನಾಲ್ಕನೆಯದರಲ್ಲಿ ಹದಿನೇಳು. ಮಧ್ಯಾಹ್ನ ಮೂರೂ ನಲವತ್ತಕ್ಕೆ ಅಜ್ಜಿಯ ಕೋಣೆಯ ಮೂಲೆಯಲ್ಲಿ ಬಣ್ಣ ಉಬ್ಬಿತು. ಒದ್ದೆ ಗೋಡೆ ನೋಡಿ ಅಷ್ಟು ಖುಷಿಪಟ್ಟದ್ದು ಅದೇ ಮೊದಲು.

ಮಂಗಳವಾರ ಕಂಟ್ರಾಕ್ಟರು ಬಂದರು. “ಗದ್ದೆ ಮಾಡ್ಬುಟ್ಟಿದ್ದೀರಲ್ಲವ್ವ, ನಾಟಿ ಯಾವತ್ತು?”

“ನೀನು ಸೋರಾದು ನಿಲ್ಸಿದ್ ದಿನ ಕಣಪ್ಪ,” ಅಂದರು ಅಜ್ಜಿ.

ಅವರು ನನ್ನ ಡೈರಿಯ ಎರಡು ಪುಟ ಓದಿದರು, ಬೇಸಿನ್ನು ನೋಡಿದರು. ಟ್ಯಾಂಕಿನ ಕಟ್ಟೆ ತಾರಸಿಗೆ ಕೂಡುವ ಜಾಗವನ್ನು ಉಗುರಿನಿಂದ ಕೆರೆದರು. ಸಿಮೆಂಟು ಪುಡಿಯಾಗಿ ಉದುರಿತು. “ತಪ್ಪು ನಮ್ದೇ. ಮಾಡ್ಕೊಡ್ತೀನಿ,” ಅಂದರು. ಹದಿನಾಲ್ಕಕ್ಕೆ ಅಲ್ಲಿ ಒಡೆಸಿ ಹೊಸ ಗಾರೆ ಹಾಕಿಸಿದರು. ಹದಿನೆಂಟಕ್ಕೆ ತಾವೇ ನಿಂತು ಮತ್ತೆ ನೀರು ಬಿಡಿಸಿದರು. ಹತ್ತೊಂಬತ್ತರ ಬೆಳಗ್ಗೆ ಬೇಸಿನ್ನಿನಲ್ಲೂ ಐದು, ನಾಲ್ಕನೇ ಮಡಿಯಲ್ಲೂ ಐದು. ಎರಡು ಟೈಲ್ಸ್, ಒಂದು ಬಾಗಿಲೂ ಸರಿಯಾದವು. ಇನ್ನೂ ಎರಡು ದಿನ ಉಳಿದಿತ್ತು.

ವಾದ ಮಾಡದೆ ಒಪ್ಪಿಕೊಂಡ ಕಂಟ್ರಾಕ್ಟರನ್ನು, ಬಸ್ ಚಾರ್ಜೂ ಬೇಡವೆಂದು ಹೊರಟ ತಾತನನ್ನು ನೆನೆದರೆ ಈಗಲೂ ಮನಸ್ಸು ತುಂಬಿ ಬರುತ್ತದೆ. ಮಡಿಯ ಉಪಾಯ ಹೇಳಿದವರು ಮಾತ್ರ ಹೊಸ ವರಾತ ಹಿಡಿದಿದ್ದಾರೆ: ಯುಗಾದಿಗೆ ಆ ಗೋಡೆಗೆ ಬಣ್ಣ ಆಗಬೇಕಂತೆ. ಮುಟ್ಟಿದರೆ ಗೋಡೆ ಒಣಗಿದಂತಿದೆ, ಆದರೆ ಮೂಗಿಗೆ ಇನ್ನೂ ತೇವದ ವಾಸನೆ. ಈ ಸಲ ಹಬ್ಬಕ್ಕೆಂದು ಅವಸರ ಮಾಡಲಾರೆ. ಒಳಗಿನ ತೇವ ಪೂರ್ತಿ ಆರಿದೆಯೆಂದು ತಿಳಿಯುವ ಬಗೆ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಎರಡು ಸಾಲು ಬರೆಯಿರಿ. ಅಜ್ಜಿಗೂ ಓದಿ ಹೇಳುತ್ತೇನೆ.