ಕೂಲರ್ ಗಾಳಿಗೆ ಹಾರಿದ ನಲವತ್ತೊಂದು ಚೀಟಿ

ನೀಲಾಂಬಿಕಾಗೆ ಮೇ ತಿಂಗಳ ಸಂಬಳ ಇನ್ನೂ ಬರಬೇಕು. ಹದಿನಾಲ್ಕು ಸಾವಿರ. ಜೂನಿನದು ಬಂತು, ಜುಲೈಯದೂ ಬಂತು. ಮೇ ತಿಂಗಳದ್ದು ಮಾತ್ರ ನಾಗಪುರದ ಬಜಾಜ್ ನಗರದ ಸಂಶೋಧನಾ ಸಂಸ್ಥೆಯೊಂದರ ಯಾವುದೋ ಕಡತದೊಳಗೆ ಕೂತಿದೆ.

ಅವಳ ಅಪ್ಪ ಗುಂಡಪ್ಪ ಧಾರವಾಡದ ಕಡೆಯವರು, ಮದ್ದುಗುಂಡು ತಯಾರಿಸುವ ಆರ್ಡ್‌ನನ್ಸ್ ಫ್ಯಾಕ್ಟರಿಯ ಸ್ಟೋರಿಗೆ ವರ್ಗವಾಗಿ ನಾಗಪುರಕ್ಕೆ ಬಂದವರು. ಮಗಳು ಹನ್ನೊಂದು ವರ್ಷದಿಂದ ಆ ಸಂಸ್ಥೆಯಲ್ಲಿ ಗುತ್ತಿಗೆಯ ಮೇಲೆ ಸತ್ತ ಚಿಟ್ಟೆಗಳ ಮಡಚಿದ ರೆಕ್ಕೆ ಬಿಡಿಸಿ ಹರಡುತ್ತಾಳೆ. ಕೇಳಿದರೆ ನಗು ಬರಬಹುದು, ಮಾಡಿ ನೋಡಿ. ಅಂಡಮಾನಿನಿಂದ ಬರುವ ಚಿಟ್ಟೆ ಮೂರು ಮೂಲೆಯ ಕಾಗದದ ಪೊಟ್ಟಣದಲ್ಲಿ ಒಣಗಿ ಹಪ್ಪಳವಾಗಿರುತ್ತದೆ. ಒದ್ದೆ ಮರಳಿನ ಡಬ್ಬಿಯಲ್ಲಿ ಎರಡು ದಿನ ಇಟ್ಟು, ಮೆತ್ತಗಾದ ಮೇಲೆ ರೆಕ್ಕೆ ಹರಡಿ, ಸೂಜಿ ಚುಚ್ಚಿ, ಅದೇ ಸೂಜಿಗೆ ದ್ವೀಪದ ಹೆಸರಿನ ಚೀಟಿ ಪೋಣಿಸಬೇಕು. ಚೀಟಿ ಇಲ್ಲದ ಚಿಟ್ಟೆ ಬರೀ ಕಸ.

ಸಂಸ್ಥೆಯ ವಿಜ್ಞಾನಿ, ಮೈಸೂರಿನ ಕಡೆಯ ಚಿದಂಬರ ಅಕ್ಕಪಕ್ಕದ ಎರಡು ದ್ವೀಪಗಳಿಂದ ಒಂದೇ ಪ್ರಭೇದದ ನಲವತ್ತೊಂದು ಚಿಟ್ಟೆ ತರಿಸಿದ್ದರು. ಒಂದು ದ್ವೀಪದವಕ್ಕೆ ಬಿಳಿ ಪಟ್ಟೆ ಅಗಲ, ಇನ್ನೊಂದರವಕ್ಕೆ ಸಣ್ಣ ಎಂದು ಅವರ ಗುಮಾನಿ. ಅದು ನಿಜವಾದರೆ ಅವು ಎರಡು ಬೇರೆ ಉಪಪ್ರಭೇದಗಳು.

ಮೇ ತಿಂಗಳ ನಡು. ಹೊರಗೆ ನಲವತ್ತಾರು ಡಿಗ್ರಿ. ಚಿಟ್ಟೆಗಳು ಮರಳಿನಲ್ಲಿದ್ದವು, ಚೀಟಿಗಳು ಅದೇ ಸಾಲಿನಲ್ಲಿ ಮೇಜಿನ ಮೇಲಿದ್ದವು. ಚೀಟಿ ಹೊರಗಿವೆ, ಗಾಳಿ ಬೇಡ ಎಂದು ಅವಳು ಬೆಳಿಗ್ಗೆಯೇ ಹೇಳಿದ್ದಳು. ಬಿಸಿಲಿಂದ ಬಂದ ಚಿದಂಬರ ಮರೆತು ಕೂಲರ್ ಅನ್ನು ಮೇಜಿನತ್ತ ತಿರುಗಿಸಿ ಜೋರಾಗಿ ಹಚ್ಚಿದರು. ನಲವತ್ತೊಂದೂ ಚೀಟಿ ಕೋಣೆ ತುಂಬ ಹಾರಿದವು. ಯಾವ ಚಿಟ್ಟೆ ಯಾವ ದ್ವೀಪದ್ದೆಂದು ಹೇಳಲು ಆಗದಾಯಿತು.

ಅವರು ಮೇಲಿನವರಿಗೆ ಬರೆದ ಟಿಪ್ಪಣಿಯಲ್ಲಿ ಕೂಲರಿನ ಸುದ್ದಿಯೇ ಇರಲಿಲ್ಲ. ಗುತ್ತಿಗೆ ನೌಕರಳ ಅಜಾಗರೂಕತೆ ಎಂದಷ್ಟೇ ಇತ್ತು. ಸಂಬಳ ನಿಂತಿತು. ತಿಂಗಳ ಕೊನೆಗೆ ಕೆಲಸವೂ ಹೋಗುವುದಿತ್ತು.

ಎರಡು ದಿನ ಅವಳು ಊಟ ಬಿಟ್ಟಳು. ಮೂರನೆಯ ದಿನ ಪ್ರತಾಪ ನಗರದ ಸಿಗ್ನಲ್ಲಿನಲ್ಲಿ ನಿಂತಾಗ ತಲೆಗೆ ಹೊಳೆಯಿತು. ಮಾಲು ಪೂರ್ತಿ ಹೊರಗೆ ಹೋಗುವ ತನಕ ಅಪ್ಪ ಸ್ಟೋರಿನ ಒಂದು ಸುತ್ತುಕಾಗದವನ್ನೂ ಒಗೆಯುತ್ತಿರಲಿಲ್ಲ. ಅವಳಿಗೂ ಅದೇ ಚಾಳಿ. ಖಾಲಿ ಪೊಟ್ಟಣಗಳೆಲ್ಲ ಕಪಾಟಿನ ಕೆಳಗೆ, ದೀಪಾವಳಿಯ ಚಿವಡಾ ಡಬ್ಬಿಯಲ್ಲಿದ್ದವು.

ಬಿಚ್ಚಿದಳು. ಹಿಡಿದವರ ಕೈಬರಹದಲ್ಲಿ ದ್ವೀಪದ ಹೆಸರು ಹೊರಗಿತ್ತು. ಒಳಗೆ ರೆಕ್ಕೆಯ ಪುಡಿ ಅಂಟಿ ಅಚ್ಚು ಮೂಡಿತ್ತು. ಪಟ್ಟೆ, ಚುಕ್ಕೆ, ಹರಿದ ಅಂಚು ಎಲ್ಲ ಬರೋಬರ್ ಕಾಣುತ್ತಿದ್ದವು. ಚಿದಂಬರರನ್ನು ಕರೆದಳು.

“ಈ ಪೊಟ್ಟಣ ಎಸೀರಿ ಅಂತ ನಾನು ಎರಡು ಸಲ ಹೇಳಿದ್ದೆ ಅಲ್ವಾ?”

“ಹೇಳಿದ್ರಿ, ಸರ. ನಾ ಒಗೀಲಿಲ್ಲ.”

ಭೂತಗನ್ನಡಿ ಹಿಡಿದು ಸಂಜೆಯವರೆಗೆ ರೆಕ್ಕೆಯ ಹರುಕಿಗೆ ಅಚ್ಚಿನ ಹರುಕು ಕೂಡಿಸಿದರು. ನಲವತ್ತೊಂದಕ್ಕೂ ದ್ವೀಪ ಸಿಕ್ಕಿತು. ಅಗಲ ಪಟ್ಟೆಯವು ಒಂದು ದ್ವೀಪದವು, ಸಣ್ಣ ಪಟ್ಟೆಯವು ಇನ್ನೊಂದರವು. ಒಂದೇ ಒಂದು ಮುದಿ ಚಿಟ್ಟೆಯ ಸವೆದ ಪಟ್ಟೆ ಮಾತ್ರ ಅಗಲವೂ ಅಲ್ಲ, ಸಣ್ಣದೂ ಅಲ್ಲ. ಚಿದಂಬರ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು.

“ಈಗ ಟಿಪ್ಪಣಿ ತಿದ್ರಿ, ಸರ. ಕೂಲರ್ ಯಾರು ಹಚ್ಚಿದ್ರು ಅನ್ನೋದೂ ಬರೀರಿ.”

ಅವರು ತಲೆ ತಗ್ಗಿಸಿ ಅವಳ ಎದುರಿಗೇ ಬರೆದರು. ಕೆಲಸ ಉಳಿಯಿತು. ಮನೆಗೆ ಹೋಗಿ ಎರಡು ಲೋಟ ಮಜ್ಜಿಗೆ ಕುಡಿದು, ಫ್ಯಾನಿನ ಕೆಳಗೆ ನೆಲದ ಮೇಲೆಯೇ ಹಗುರಾಗಿ ಮಲಗಿದಳು.

ಆದರೆ ಮೇ ತಿಂಗಳ ಸಂಬಳದ ಕಡತಕ್ಕೆ ಆ ತಿದ್ದಿದ ಟಿಪ್ಪಣಿ ಇನ್ನೂ ಮುಟ್ಟಿಲ್ಲ. ನಿಮ್ಮ ಕಚೇರಿಯಲ್ಲೂ ಗುತ್ತಿಗೆಯವಳೊಬ್ಬಳು ಇರುತ್ತಾಳೆ. ಹೋದ ತಿಂಗಳದ್ದು ಕೈಗೆ ಬಂತೇ ಎಂದು ನಾಳೆ ಅವಳನ್ನು ಕೇಳಿ. ಬಂದಿಲ್ಲವೆಂದರೆ ಅವಳ ಜೊತೆ ಸಾಹೇಬರ ಕೋಣೆಗೆ ನೀವೂ ಹೋಗಿ.